ಘಟ್ಟವೋ, ಹೊಳೆಯೋ, ಕಡಲೋ: ದಾವಣಗೆರೆಯಿಂದ ನಡೆಯಲು ಹೊರಟವರಿಗೆ

ಕುಂದುವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಮಾಡುವವರಲ್ಲಿ ಯಾರಾದರೊಬ್ಬರು ಆಗಾಗ ನನ್ನನ್ನು ಕೇಳುತ್ತಾರೆ. "ನಾಲ್ಕು ದಿನ ರಜ ಇದೆ. ಬೆನ್ನಿಗೆ ಚೀಲ ಹಾಕ್ಕೊಂಡು ದೂರ ನಡಿಬೇಕು ಅಂತ ಆಸೆ. ಕುದುರೆಮುಖಕ್ಕೆ ಹೋಗೋದಾ, ಗೋಕರ್ಣದ ಕಡಲ ಹಾದಿ ಹಿಡಿಯೋದಾ?" ನಾನು ತಿರುಗಿ ಕೇಳುವುದು ಒಂದೇ ಮಾತು: ರಜ ಯಾವ ತಿಂಗಳಲ್ಲಿ?

ಯಾಕೆ ಅಂತ ಹೇಳುತ್ತೇನೆ. ನಾವು ಬಯಲುಸೀಮೆಯವರು. ವರ್ಷಕ್ಕೆ 600 ಮಿ.ಮೀ. ಆಚೀಚೆ ಮಳೆ ಕಾಣುವ ಊರು ನಮ್ಮದು. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಬಿಸಿಲು ನಮಗೆ ಅಭ್ಯಾಸ, ಧೂಳು ಅಭ್ಯಾಸ, ಸಪಾಟು ನೆಲದ ಮೇಲೆ ಎಷ್ಟು ಬೇಕಾದರೂ ನಡೆಯುತ್ತೇವೆ. ಗೊತ್ತಿಲ್ಲದಿರುವುದು ನೀರಿನ ಲೆಕ್ಕ. ಘಟ್ಟದಲ್ಲಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಹೊಳೆಯನ್ನು ಎಲ್ಲಿ ದಾಟಬಹುದು, ಕಡಲು ಎಷ್ಟು ಹೊತ್ತಿಗೆ ಹಿಂದೆ ಸರಿಯುತ್ತದೆ. ಈ ಮೂರನ್ನೂ ತಿಂಗಳೇ ನಿರ್ಧರಿಸುತ್ತದೆ. ಆದ್ದರಿಂದ ಫೋಟೋ ನೋಡಿ ಹಾದಿ ಆರಿಸಬೇಡಿ. ಕ್ಯಾಲೆಂಡರ್ ನೋಡಿ ಆರಿಸಿ.

ಅವಸರದಲ್ಲಿ ಇರುವವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದೀಪಾವಳಿ ಹೊತ್ತಿನ ರಜ ಆದರೆ ಘಟ್ಟ. ಡಿಸೆಂಬರ್ ಕೊನೆ ಅಥವಾ ಸಂಕ್ರಾಂತಿ ಆದರೆ ಕಡಲು. ನವೆಂಬರ್ ಕೊನೆಗೆ ನಾಲ್ಕೈದು ದಿನ ಒಟ್ಟಿಗೆ ಸಿಕ್ಕರೆ ಯಾಣದಿಂದ ಅಘನಾಶಿನಿ ಹೊಳೆ ದಾಟಿ ಗೋಕರ್ಣದವರೆಗೆ. ಏಪ್ರಿಲ್, ಮೇ ಆದರೆ ಚಿತ್ರದುರ್ಗದ ಕೋಟೆಯಲ್ಲೇ ಬೆಳಗಿನ ಹೊತ್ತು ಕಾಲು ಪಳಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರಿಗೆ ಮೂರೂ ಬೇಡ.

ಘಟ್ಟದ ಹಾದಿ

ಕುದುರೆಮುಖಕ್ಕೆ ನಮ್ಮ ಕಡೆಯಿಂದ ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ ಮೇಲೆ ಕಳಸ ಸೇರಬೇಕು. ಆಮೇಲೆ ಜೀಪಿನಲ್ಲಿ ಮುಳ್ಳೋಡಿ, ನಡಿಗೆ ಶುರುವಾಗುವುದು ಅಲ್ಲಿಂದ. ಶಿಖರ 1,894 ಮೀಟರ್. ಹೋಗಿ ಬರಲು ಸುಮಾರು 20 ಕಿ.ಮೀ. ಇದು 1987ರಿಂದ ರಾಷ್ಟ್ರೀಯ ಉದ್ಯಾನ. ಒಳಗೆ ಟೆಂಟ್ ಹಾಕುವಂತಿಲ್ಲ, ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಹಾಗಾಗಿ ನಾಲ್ಕು ದಿನ ನಡೆಯುವ ಆಸೆ ಇದ್ದವರಿಗೆ ಇದು ಸಾಲುವುದಿಲ್ಲ. ಒಂದು ದೊಡ್ಡ ದಿನಕ್ಕೆ ಮಾತ್ರ ಸರಿ.

ಆದರೂ ನಾನು ಈ ಹಾದಿಯನ್ನು ತುಂಬಾ ಪ್ರೀತಿಸುತ್ತೇನೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವುದು ಈ ಬೆಟ್ಟಸಾಲಿನ ಗಂಗಾಮೂಲದಲ್ಲಿ. ಹರಿಹರದ ಸೇತುವೆ ಮೇಲಿಂದ ನಾವು ನೋಡುವ ಹೊಳೆ, ಭದ್ರಾ ನಾಲೆಯಲ್ಲಿ ನಮ್ಮ ಗದ್ದೆಗೆ ಬರುವ ನೀರು, ಎರಡರ ತವರೂ ಈ ಹುಲ್ಲುಗಾವಲು ಮತ್ತು ಅದರ ನಡುವಿನ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡು. ಮೊದಲ ಸಲ ಅಲ್ಲಿ ಒಂದು ಹಳ್ಳಕ್ಕೆ ಬಗ್ಗಿ ಮುಖ ತೊಳೆದಾಗ ನೀರು ಎಷ್ಟು ತಣ್ಣಗಿತ್ತು ಅಂದರೆ ಹಲ್ಲು ಜುಮ್ಮೆಂದಿತು. ಇದೇ ನೀರು ಬಯಲಿಗೆ ಇಳಿದು ಭತ್ತ ಆಗುತ್ತದಲ್ಲಾ ಅಂತ ಅಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಅಕ್ಟೋಬರ್ ಕೊನೆ, ನವೆಂಬರ್ ಯಾಕೆ ಒಳ್ಳೆಯದು ಗೊತ್ತಾ? ಮಳೆ ನಿಂತಿರುತ್ತದೆ, ಹಳ್ಳಗಳಲ್ಲಿ ಇನ್ನೂ ನೀರು ಇರುತ್ತದೆ, ಹುಲ್ಲು ಹಸಿರಾಗಿರುತ್ತದೆ, ಇಂಬಳ, ಅಂದರೆ ಜಿಗಣೆ, ಕಡಿಮೆ ಆಗಿರುತ್ತವೆ. ಮಳೆಗಾಲದಲ್ಲಿ ಹೋದರೆ ಬೆರಳ ಸಂದಿಯಲ್ಲೆಲ್ಲಾ ಇಂಬಳ ಹತ್ತುತ್ತವೆ. ಕಚ್ಚಿದರೆ ಎಳೆಯಬೇಡಿ, ಉಪ್ಪು ಹಾಕಿದರೆ ತಾನಾಗೇ ಬಿಡುತ್ತದೆ. ಅದರಿಂದ ದೊಡ್ಡ ತೊಂದರೆಯೇನೂ ಇಲ್ಲ.

ನಿಜವಾಗಿ ಹೆದರಬೇಕಾದದ್ದು ಇಂಬಳಕ್ಕಲ್ಲ, ಉಣುಗಿಗೆ. ನಮ್ಮ ಕಡೆ ದನಕ್ಕೆ ಹತ್ತುವ ಉಣ್ಣಿ ಅನ್ನುತ್ತೇವಲ್ಲ, ಅದರದೇ ಜಾತಿ. ಮಂಗನ ಕಾಯಿಲೆ ಹರಡುವುದು ಇದರಿಂದ. ಈ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಾಡುಗಳಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಟ ಜಾಸ್ತಿ. ಅಂದರೆ ಹಾದಿ ಒಣಗಿ ನಡೆಯಲು ಸಲೀಸಾಗುವ ಹೊತ್ತಿಗೇ ಇದೂ ಬರುತ್ತದೆ. ಒಣ ಎಲೆ ರಾಶಿ ಮೇಲೆ ಕೂರಬೇಡಿ, ಮಲಗಬೇಡಿ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ. ರಾತ್ರಿ ಬಟ್ಟೆ ಬಿಚ್ಚಿ ಮೈಯೆಲ್ಲಾ ನೋಡಿಕೊಳ್ಳಿ, ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ. ಊರಿಗೆ ಬಂದ ಮೇಲೆ ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು, "ಮಲೆನಾಡ ಕಾಡಿಗೆ ಹೋಗಿದ್ದೆ" ಅಂತ. ದಾವಣಗೆರೆಯಲ್ಲಿ ಕೂತ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ.

ಕುಮಾರ ಪರ್ವತದ ಬಗ್ಗೆ ಒಂದೇ ಮಾತು. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ, ಶಿಖರ 1,712 ಮೀಟರ್. ಒಂದೂವರೆ ಸಾವಿರ ಮೀಟರ್‌ಗೂ ಜಾಸ್ತಿ ಏರು. ಬೆಟ್ಟ ನಡೆಯುವವರ ಹಳೆಯ ಲೆಕ್ಕ ಹೀಗಿದೆ: 5 ಕಿ.ಮೀ. ನಡೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಕಡೆಯಿಂದ 13 ಕಿ.ಮೀ. ಹಾದಿಗೆ ಐದು ಗಂಟೆ ದಾಟುತ್ತದೆ. ಅದೂ ಖಾಲಿ ಬೆನ್ನಿಗೆ, ಎಲ್ಲೂ ಕೂರದೆ. ಚೀಲ ಹೊತ್ತವರು ಇದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ. ಮೊದಲ ನಡಿಗೆಗೆ ಇದು ಬೇಡವೇ ಬೇಡ.

ಎರಡೂ ಕಡೆ ಅನುಮತಿ ಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ಮೇಲೆ ನಿಯಮ ಬಿಗಿಯಾಗಿದೆ. ದಿನಕ್ಕೆ ಇಂತಿಷ್ಟೇ ಜನ, ಅದೂ ಅರಣ್ಯ ಇಲಾಖೆಯ ತಾಣದಲ್ಲಿ ಆನ್‌ಲೈನಾಗಿ ಬುಕ್ ಮಾಡಿದವರು ಮಾತ್ರ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಹಾದಿಗಳನ್ನು ಮುಚ್ಚುತ್ತಾರೆ. ಬುಕಿಂಗ್ ಆದ ಮೇಲೆಯೇ ಬಸ್ಸಿನ ಟಿಕೆಟ್ ತೆಗೆಯಿರಿ.

ಕಡಲ ಹಾದಿ

ಕುಮಟಾದಿಂದ ಗೋಕರ್ಣಕ್ಕೆ ದಂಡೆ ಹಿಡಿದು ನಡೆದರೆ ಹೆಚ್ಚುಕಡಿಮೆ 25 ಕಿ.ಮೀ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ ದಾಟಿ ಅಘನಾಶಿನಿ ಅನ್ನುವ ಊರು. ದೋಣಿಯಲ್ಲಿ ಹೊಳೆ ದಾಟಿದರೆ ತದಡಿ. ಆಮೇಲೆ ಬೆಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣ. ಎರಡು ದಿನಕ್ಕೆ ಹದವಾದ ಹಾದಿ. ಅಲ್ಲಲ್ಲಿ ಊರು ಸಿಗುತ್ತದೆ, ಊಟ ಸಿಗುತ್ತದೆ, ಯಾರಿಗಾದರೂ ಸುಸ್ತಾದರೆ ರಸ್ತೆಗೆ ಹೋಗಿ ಬಸ್ ಹತ್ತಬಹುದು. ಅದಕ್ಕೇ ಮಕ್ಕಳು, ವಯಸ್ಸಾದವರು ಇರುವ ಗುಂಪಿಗೆ ನಾನು ಇದನ್ನೇ ಹೇಳುವುದು.

ಆದರೆ ಸಪಾಟು ಅಂತ ಹಗುರವಾಗಿ ತಿಳಿಯಬೇಡಿ. ಒಣ ಮರಳಿನಲ್ಲಿ ಪ್ರತಿ ಹೆಜ್ಜೆಯೂ ಹಿಂದಕ್ಕೆ ಜಾರುತ್ತದೆ, ಒಂದು ಗಂಟೆಯಲ್ಲಿ ಮೀನಖಂಡ ಕಲ್ಲಾಗುತ್ತದೆ. ನೀರು ಇಳಿದಾಗ ಅಂಚಿನ ಒದ್ದೆ ಮರಳು ಮಾತ್ರ ಗಟ್ಟಿಯಾಗಿ ಕಾಲಿಗೆ ಆಸರೆ ಕೊಡುತ್ತದೆ. ಇನ್ನು ಒಂದು ದಂಡೆಗೂ ಇನ್ನೊಂದಕ್ಕೂ ನಡುವೆ ಕಡಲಿಗೆ ಚಾಚಿದ ಬಂಡೆಗಳಿವೆ. ಇಳಿತದಲ್ಲಿ ಬುಡದಲ್ಲೇ ದಾಟುವ ಜಾಗಗಳು ಉಬ್ಬರದಲ್ಲಿ ಇರುವುದೇ ಇಲ್ಲ.

ಇದನ್ನು ನಾವು ಕಲಿತದ್ದು ಅಲ್ಲೇ. ಐದು ಜನ ಹೋಗಿದ್ದೆವು. ಬೆಳಿಗ್ಗೆ ತಿಂಡಿ, ಹರಟೆ ಅಂತ ತಡ ಮಾಡಿ ಹೊರಟೆವು. ಬಾಡ ದಾಟಿದ ಮೇಲೆ ಒಂದು ಬಂಡೆ ಮೂಲೆಗೆ ಬರುವಷ್ಟರಲ್ಲಿ ಅಲೆ ಬುಡಕ್ಕೆ ಬಡಿಯುತ್ತಿತ್ತು. ಪ್ಯಾಂಟ್ ಮಡಚಿ ಇಳಿದುಬಿಡೋಣ ಅಂತ ನಾನು ಬೂಟಿನ ದಾರ ಬಿಚ್ಚುತ್ತಿದ್ದೆ. ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸು ದೂರದಿಂದಲೇ ಕೂಗಿದರು. "ಈಗ ಹೋಗುಕೆ ಆಗುದಿಲ್ಲಾ ತಮ್ಮಾ, ನೀರ್ ಇಳಿಲಿ."

"ಎಷ್ಟೊತ್ತಾಗ್ಬೋದು ಅಮ್ಮಾ?" ಅಂದೆ.

ಅವರು ಸೂರ್ಯನನ್ನು ನೋಡಲಿಲ್ಲ, ಗಡಿಯಾರ ಕೇಳಲಿಲ್ಲ. ಬಂಡೆಯನ್ನೇ ನೋಡಿ, "ಆ ಕರಿಕಲ್ಲು ಪೂರಾ ಕಾಣ್ಲಿ" ಅಂದು ಮೇಲಿನ ಹಾದಿ ಹಿಡಿದರು.

ನನ್ನ ತಂಗಿ ಆ ಕಲ್ಲನ್ನೇ ನೋಡುತ್ತಾ ಕೂತಳು. ಬೆನ್ನ ತುಂಬಾ ಬಿಳಿ ಚಿಪ್ಪು ಅಂಟಿದ ಕಲ್ಲು. ಮೊದಲು ಅಲೆ ಬಂದಾಗಲೆಲ್ಲಾ ಪೂರ್ತಿ ಮುಳುಗುತ್ತಿತ್ತು. ನಾವು ಮಂಡಕ್ಕಿ ಕಲಸಿ ತಿಂದು ಮುಗಿಸುವಷ್ಟರಲ್ಲಿ ನೆತ್ತಿ ಕಂಡಿತು. ಆಮೇಲೆ ಹೆಗಲು. ಎರಡೂವರೆ ಗಂಟೆ ಆದ ಮೇಲೆ ಬುಡದ ಸುತ್ತ ಮರಳು ಬಿಟ್ಟುಕೊಂಡಿತು. ಚಪ್ಪಲಿ ಕೂಡ ನೆನೆಯದೆ ಐದೂ ಜನ ದಾಟಿದೆವು. ಎರಡೂವರೆ ಗಂಟೆ ಮೊದಲು ಇಳಿದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಿಕೊಂಡರೆ ಮೈ ನಡುಗುತ್ತದೆ.

ಲೆಕ್ಕ ಸುಲಭ ಇದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಮೊಬೈಲಿನಲ್ಲಿ ಉಬ್ಬರದ ಸಮಯ ಸಿಗುತ್ತದೆ, ಅದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಆಮೇಲೂ ದಂಡೆಯಲ್ಲಿ ಸಿಕ್ಕ ಮೀನುಗಾರರನ್ನು ಒಂದು ಮಾತು ಕೇಳಿ. ನೀರು ಅರ್ಧ ಇಳಿದ ಹೊತ್ತಿಗೆ ಬಂಡೆ ಮೂಲೆ ತಲುಪುವ ಹಾಗೆ ಹೊರಡಿ.

ಯಾವ ದಿಕ್ಕಿಗೆ ನಡೆಯಬೇಕು ಅನ್ನುವುದಕ್ಕೂ ನನ್ನದೊಂದು ಪಕ್ಷ ಇದೆ. ಕುಮಟಾದಿಂದ ಗೋಕರ್ಣಕ್ಕೆ, ಅಂದರೆ ಬಡಗಲಿಗೆ ನಡೆಯಿರಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ತೆಂಕಲಿಗೆ ವಾಲಿರುತ್ತಾನೆ. ಮಧ್ಯಾಹ್ನದ ಬಿಸಿಲು ಬೆನ್ನಿಗೆ, ಚೀಲಕ್ಕೆ ಬೀಳುತ್ತದೆ, ಮುಖಕ್ಕಲ್ಲ.

ಕಡಲಲ್ಲಿ ಈಜುವ ಆಸೆ ಇದ್ದರೆ ಕಾವಲಿನವರು ಇರುವ ದಂಡೆಯಲ್ಲಿ ಮಾತ್ರ. ನಮ್ಮ ಭದ್ರಾ ನಾಲೆಯಲ್ಲಿ ಈಜಿ ಕಲಿತವರಿಗೆ ಧೈರ್ಯ ಜಾಸ್ತಿ, ಅದೇ ಅಪಾಯ. ಒಳಸೆಳೆತ ಎಳೆದರೆ ದಡದ ಕಡೆಗೆ ಗುದ್ದಾಡಬಾರದು. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಬೇಕು. ಹಾಫ್ ಮೂನ್, ಪ್ಯಾರಡೈಸ್ ನಡುವಿನ ಬಂಡೆ ಹಾದಿಯಲ್ಲಿ ಕತ್ತಲಾದ ಮೇಲೆ ಕಾಲಿಡಬೇಡಿ.

ಹೊಳೆಯ ಹಾದಿ, ನನಗೆ ಹೆಚ್ಚು ಇಷ್ಟವಾದದ್ದು

ಉತ್ತರ ಕನ್ನಡದಲ್ಲಿ ಹಳೆಯ ಮಾತೊಂದಿದೆ: ಸೊಕ್ಕಿದ್ದವನು ಯಾಣಕ್ಕೆ, ರೊಕ್ಕ ಇದ್ದವನು ಗೋಕರ್ಣಕ್ಕೆ. ಯಾಣ ಅಷ್ಟು ದುರ್ಗಮವಾಗಿತ್ತು. ಈಗ ರಸ್ತೆ ಆಗಿದೆ. ನನ್ನ ಮಾತು ಕೇಳಿದರೆ ಎರಡನ್ನೂ ಒಂದೇ ನಡಿಗೆಯಲ್ಲಿ ಸೇರಿಸಿ. ಕಾಡು, ಹೊಳೆ, ಕಡಲು ಮೂರೂ ಒಂದೇ ಸಲಕ್ಕೆ ಸಿಗುತ್ತವೆ.

ದಾವಣಗೆರೆಯಿಂದ ಹಾವೇರಿ, ಹಾನಗಲ್ ಮೇಲೆ ಶಿರಸಿಗೆ ಬಸ್ಸು. ಅಲ್ಲಿಂದ ಯಾಣ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಕಾಡಿನ ನಡುವೆ ಕಪ್ಪಗೆ ಎದ್ದು ನಿಂತ ಎರಡು ಬಂಡೆ. ಚಿತ್ರದುರ್ಗದ ದುಂಡು ದುಂಡು ಬಂಡೆ ನೋಡಿ ಬೆಳೆದ ಕಣ್ಣಿಗೆ ಈ ಚೂಪು ಬೇರೆಯೇ ಲೋಕ. ಒಂದು ದಿನ ಯಾಣ ಮತ್ತು ವಿಭೂತಿ ಜಲಪಾತದ ಸುತ್ತ ಕಳೆಯಿರಿ. ಕಾಡುಹಾದಿ ಹಿಡಿಯುವುದಾದರೆ ಅರಣ್ಯದವರನ್ನು ಕೇಳಿ, ಊರಿನವರೊಬ್ಬರನ್ನು ಕರೆದುಕೊಂಡೇ ಹೋಗಿ. ಎರಡನೇ ದಿನ ಊರ ರಸ್ತೆಗಳಲ್ಲಿ ಘಟ್ಟ ಇಳಿಯಿರಿ. ಹೆದ್ದಾರಿ ಬಂದ ಕೂಡಲೇ ಬಸ್ ಹತ್ತಿ. ಎಲ್ಲವನ್ನೂ ನಡೆದೇ ಮುಗಿಸಬೇಕು ಅನ್ನುವ ಹಟಕ್ಕೆ ಲಾರಿಗಳ ಪಕ್ಕ ಜೀವ ಒಡ್ಡುವುದರಲ್ಲಿ ಅರ್ಥ ಇಲ್ಲ. ಮಿರ್ಜಾನ್ ಕೋಟೆ ನೋಡಿ, ಕುಮಟಾದಲ್ಲಿ ತಂಗಿ, ಮೂರು ನಾಲ್ಕನೇ ದಿನ ಮೇಲೆ ಹೇಳಿದ ಕಡಲ ಹಾದಿ.

ಈ ನಡಿಗೆಯ ಜೀವ ಅಘನಾಶಿನಿ. ಘಟ್ಟದ ಮೇಲೆ ಇದೇ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಹುಟ್ಟಿನಿಂದ ಕಡಲಿನವರೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ನಡೆಯುವವರಿಗೆ ಇದು ಮುಖ್ಯ. ಕಾಳಿ, ಶರಾವತಿ ಕಣಿವೆಯಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಕರೆಂಟಿಗೆ ನೀರು ಬಿಟ್ಟರೆ ಕೆಳಗೆ ಹೊಳೆ ಏರುತ್ತದೆ. ತುಂಗಾ ಡ್ಯಾಮಿನ ಗೇಟು ತೆಗೆದಾಗ ಹರಿಹರದಲ್ಲಿ ಹೊಳೆ ಏರುವುದನ್ನು ನಾವು ಕಂಡಿದ್ದೇವಲ್ಲ, ಅದೇ ರೀತಿ. ಅಂಥ ಹೊಳೆಯ ಒಣ ಪಾತ್ರದಲ್ಲಿ ಎಂದೂ ಮಲಗಬೇಡಿ. ಅಘನಾಶಿನಿ ಮಾತ್ರ ಮಳೆಗೆ ತಕ್ಕ ಹಾಗೆ ಹರಿಯುತ್ತದೆ. ನವೆಂಬರ್ ಕೊನೆಗೆ ತುಂಬಿದ್ದೂ ಶಾಂತವಾಗಿರುತ್ತದೆ.

ಹೊಳೆ ಕಡಲು ಸೇರುವ ಅಳಿವೆಗೆ ಬಂದರೆ ಇನ್ನೊಂದು ಲೋಕ. ಕಡಲ ನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ನೀರು ಇಳಿದಾಗ ಹೆಂಗಸರು ಗಂಡಸರು ಸೊಂಟದವರೆಗೆ ನೀರಲ್ಲಿ ನಿಂತು ಚಿಪ್ಪಿ ಹೆಕ್ಕುತ್ತಾರೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ತದಡಿ ದೋಣಿಯಲ್ಲಿ ಬೈಕು, ಮೀನಿನ ಬುಟ್ಟಿ, ಶಾಲೆ ಮಕ್ಕಳು, ನಡುವೆ ನಮ್ಮ ಚೀಲಗಳು. ದೋಣಿ ಎಷ್ಟು ಹೊತ್ತಿನವರೆಗೆ ಇರುತ್ತದೆ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಅದು ತಪ್ಪಿದರೆ ಸೇತುವೆ ಸುತ್ತಿ ಬರಬೇಕು.

ಚೀಲದ ಮಾತು

ಧರ್ಮಸ್ಥಳಕ್ಕೆ, ನಾಯಕನಹಟ್ಟಿಗೆ ಪಾದಯಾತ್ರೆ ಮಾಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರ ಕಾಲು ಗಟ್ಟಿ, ಅದು ನಿಜ. ಆದರೆ ಅಲ್ಲಿ ದಾರಿಯುದ್ದ ಭಕ್ತರು ಊಟ, ಮಜ್ಜಿಗೆ, ಮಲಗಲು ಜಾಗ ಕೊಡುತ್ತಾರೆ. ಇಲ್ಲಿ ಎಲ್ಲವೂ ಬೆನ್ನ ಮೇಲೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ನಿಮ್ಮ ತೂಕ 60 ಕಿಲೋ ಆದರೆ ಚೀಲ 12 ಕಿಲೋ ಮೀರಬಾರದು. ನೀರೂ ಸೇರಿ.

ಮಂಡಕ್ಕಿ ಹಗುರ, ಆದರೆ ಚೀಲ ತುಂಬಿಬಿಡುತ್ತದೆ. ಒಂದು ದಿನಕ್ಕೆ ಸಾಕು. ಹುರಿಗಡಲೆ, ಶೇಂಗಾ, ಬೆಲ್ಲ ಜಾಸ್ತಿ ಇಡಿ. ಖಡಕ್ ರೊಟ್ಟಿ ನಮ್ಮ ಮನೆಯಲ್ಲಿ ತಿಂಗಳು ಇದ್ದರೂ ಕೆಡುವುದಿಲ್ಲ. ಮಲೆನಾಡ ತೇವಕ್ಕೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ, ಆಮೇಲೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಕವರಿನಲ್ಲಿ ಕಟ್ಟಿ. ಶೇಂಗಾ ಚಟ್ನಿಪುಡಿ ಮಾತ್ರ ಎಲ್ಲಿಗೆ ಹೋದರೂ ಕೈ ಬಿಡುವುದಿಲ್ಲ.

ಘಟ್ಟಕ್ಕೆ ಹಿಡಿತ ಇರುವ, ಹಳೆಯದಾದ ಬೂಟು. ಕಡಲಿಗೆ ಪಟ್ಟಿ ಇರುವ ಸ್ಯಾಂಡಲ್. ಹೊಸ ಬೂಟು ಹಾಕಿಕೊಂಡು ಹೊರಡಲೇಬೇಡಿ. ನಮ್ಮ ಗುಂಪಿನಲ್ಲಿ ಒಬ್ಬರು ಹಿಂದಿನ ವಾರ ಕೊಂಡ ಬೂಟಿನಲ್ಲಿ ಬಂದು ಮೊದಲ ದಿನವೇ ಎರಡೂ ಹಿಮ್ಮಡಿಗೆ ಬೊಬ್ಬೆ ಎಬ್ಬಿಸಿಕೊಂಡರು. ಉರಿ ಶುರುವಾದ ಕೂಡಲೇ ನಿಂತು ಟೇಪ್ ಅಂಟಿಸಿದ್ದರೆ ಬೊಬ್ಬೆ ಆಗುತ್ತಲೇ ಇರಲಿಲ್ಲ. ಎಲ್ಲರನ್ನೂ ನಿಲ್ಲಿಸುವುದು ಬೇಡ ಅಂತ ಸಂಕೋಚಪಟ್ಟರು, ಮಾರನೇ ದಿನ ಅವರಿಗಾಗಿ ಅರ್ಧ ದಿನ ನಿಲ್ಲಬೇಕಾಯಿತು. ಆದ್ದರಿಂದ ಹೊರಡುವ ಮೊದಲೇ ಎಲ್ಲರಿಗೂ ಹೇಳಿಬಿಡಿ, ಕಾಲು ಉರಿದರೆ ನಾಚಿಕೆ ಬೇಡ, ಬಾಯಿಬಿಟ್ಟು ಹೇಳಿ ಅಂತ.

ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಯಾವ ದಿನ ಎಲ್ಲಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಅಂತ ಬರೆದು ಮನೆಯಲ್ಲಿ ಕೊಟ್ಟು ಬನ್ನಿ.

ಇನ್ನೂ ತೀರ್ಮಾನ ಆಗದಿದ್ದರೆ

ಬರುವ ಭಾನುವಾರ ಗುಂಪಿನ ಎಲ್ಲರೂ ಚಿತ್ರದುರ್ಗಕ್ಕೆ ಹೋಗಿ. ನಮ್ಮಿಂದ ಅರವತ್ತು ಕಿ.ಮೀ. ಅಷ್ಟೇ. ಬೆಳಿಗ್ಗೆ ಕೋಟೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಪ್ರತಿಯೊಬ್ಬರ ಚೀಲದಲ್ಲೂ ಆರೇಳು ನೀರಿನ ಬಾಟಲಿ ತುಂಬಿಸಿ, ಏಳು ಸುತ್ತನ್ನೂ ಹತ್ತಿ. ಅಕ್ಕತಂಗಿಯರ ಹೊಂಡದ ಹತ್ತಿರ ಕೂತು ಉಸಿರು ಬಿಡಿ. ಆ ಬಂಡೆ ನಾಡಿನಲ್ಲಿ ಮಳೆನೀರನ್ನು ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಸಿ ಕೋಟೆಯನ್ನೇ ಸಾಕಿದವರ ಲೆಕ್ಕಾಚಾರವನ್ನು ಕಣ್ಣಾರೆ ನೋಡಿ. ಮತ್ತೆ ಇಳಿದು ಇನ್ನೊಂದು ಸಲ ಹತ್ತಿ.

ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬರುವವರು ಯಾರು ಅಂತ ನೋಡಿಕೊಳ್ಳಿ. ಎರಡನೇ ಸಲ ಹತ್ತಿ ಬಂದು ಅವರು ಮಾತಾಡುತ್ತಾ ನಗುತ್ತಿದ್ದರೆ ಘಟ್ಟಕ್ಕೆ ಬುಕ್ ಮಾಡಿ. ಮಾತು ನಿಂತು ಮಂಡಿ ಹಿಡಿದು ಕೂತರೆ ಸಂಕ್ರಾಂತಿಗೆ ಕಾಯಿರಿ, ಕುಮಟಾಕ್ಕೆ ಹೋಗಿ. ಇಳಿಯುವ ಮೊದಲು ಬಾಟಲಿಯ ನೀರನ್ನೆಲ್ಲಾ ಅಲ್ಲೇ ಯಾವುದಾದರೂ ಗಿಡದ ಬುಡಕ್ಕೆ ಸುರಿಯಿರಿ. ಇಳಿಜಾರಿನಲ್ಲಿ ಭಾರ ಇದ್ದಷ್ಟೂ ಮಂಡಿಗೆ ಪೆಟ್ಟು.